ಧೂಪಛಾಂವ ಬಣ್ಣದ ನೀರು

ನಿಲಂಗಾ
೨೨ ಸೆಪ್ಟೆಂಬರ್ ೨೦೨೪, ರವಿವಾರ

ಪ್ರೀತಿಯ ಮಾಳಮ್ಮನಿಗೆ ಮಾಣಿಕಬಾಯಿಯ ಶರಣು.

ನಾವಿಬ್ಬರೂ ಇಲ್ಲಿ ಗಟ್ಟಿಯಾಗಿದ್ದೇವೆ, ನಮ್ಮವರ ಎಡ ಮೊಣಕಾಲೊಂದನ್ನು ಬಿಟ್ಟು. ತುರೋರಿಯಲ್ಲಿ ನೀನು, ಮಗ ಅಮೃತಪ್ಪ, ಸೊಸೆ, ಮೊಮ್ಮಕ್ಕಳು, ಕುರಿಗಳು ಎಲ್ಲರೂ ಸುಖವಾಗಿದ್ದೀರೆಂದು ತಿಳಿದಿದ್ದೇನೆ. ಕುರಿಗಳನ್ನು ಕೊನೆಗೆ ಬರೆದೆನೆಂದು ಸಿಟ್ಟಾಗಬೇಡ. ನಿನ್ನ ಮನೆಯಲ್ಲಿ ಅವುಗಳದೇ ಮೊದಲ ಪಂಕ್ತಿ ಎಂಬುದು ನನಗೆ ಗೊತ್ತು.

ತಡವಾಯಿತು, ತಪ್ಪಾಯಿತು. ನಾಗರಪಂಚಮಿಯ ಮರುದಿನ ಅಮೃತಪ್ಪನ ಫೋನಿನಿಂದ ನೀನು ಮಾತಾಡಿದಾಗ "ಪತ್ರ ಬರೆಯುತ್ತೇನೆ" ಎಂದಿದ್ದೆ. ಗಣಪತಿ ಬಂದು ಹೋದ, ಇವಳ ಪತ್ರ ಬರಲಿಲ್ಲ ಎಂದು ಬೈದುಕೊಂಡಿರುತ್ತೀ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದೂ ಅನ್ನುತ್ತೀ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಬಾಯಿ ಕಟ್ಟುತ್ತದೆ, ಮಾಳಮ್ಮ. ಉಮರ್ಗಾದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಪಾಟಿಯ ಮೇಲೆ ಬರೆದವರು ನಾವು. ಆಮೇಲೆ ಒಂದೇ ಊರಿಗೆ ಸೊಸೆಯರಾಗಿ ಬಂದೆವು, ನಾನು ಅರಿವೆ ವ್ಯಾಪಾರದ ವಾಡೆಗೆ, ನೀನು ಕುರಿಯವರ ಹಟ್ಟಿಗೆ. ನೀನು ಅಕ್ಷರ ಕೂಡಿಸಿ ನಿಧಾನವಾಗಿ ಓದುತ್ತೀ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದನ್ನು ನೀನೇ ಓದು. ಅಮೃತಪ್ಪನಿಂದ ಓದಿಸಬೇಡ.

ನೀನು ಕೇಳಿದ ಮಾತು ಒಂದಕ್ಷರವೂ ಬಿಡದೆ ನೆನಪಿದೆ. "ಮಾಣಿಕಾ, ಮಾಯಕ್ಕನ ಹೆಸರಲೆ ಬಿಟ್ಟ ಕುರಿ ಈ ದಸರಾಕ್ಕ ಬೀರಪ್ಪಗ ಒಪ್ಪಿಸಿಬಿಡು ಅಂತಾನ ಪೂಜಾರಿ. ಆಕಿ ಹೋಗ್ಯಾಳಂತ ತಿಳಕೊ ಅಂತಾನ. ಅಮೃತನೂ ಹಂಗೇ ಅಂತಾನ. ನಂಗ ಯಾರ ಮಾತೂ ಬ್ಯಾಡ. ಕಡೀಗಿ ಆಕೀನ್ನ ನೋಡಿದಾಕಿ ನೀನು. ಇದ್ದಾಳೋ, ಇಲ್ಲೋ, ಒಂದ ಮಾತ ಹೇಳು. ನೀ ಏನ ಹೇಳತಿ ಅದೇ ಮಾಡತೀನಿ."

ಭೂಕಂಪವಾಗಿ ಮೂವತ್ತೊಂದು ವರ್ಷವಾಯಿತು. ಆಗ ಕಾಣೆಯಾದ ಆರು ವರ್ಷದ ಮಗಳು ಮಾಯಕ್ಕನ ಹೆಸರಿನಲ್ಲಿ ನೀನು ಬಿಟ್ಟ ಒಂದು ಹೆಣ್ಣು ಮರಿಯ ಸಂತಾನ ಈಗ ಬೇರೆ ಹಿಂಡೇ ಆಗಿದೆ. ಅದರಲ್ಲಿ ಒಂದನ್ನೂ ನೀನು ಮಾರಿಲ್ಲ, ಕೊಯ್ದಿಲ್ಲ. ಅವುಗಳ ಉಣ್ಣೆಯನ್ನೂ ಮಗಳ ಮದುವೆಯ ಕಂಬಳಿಗೆಂದು ಕಟ್ಟಿಡುತ್ತೀ. ಔರಾದ ಶಹಾಜನಿಯ ಸಂತೆಯಲ್ಲಿ ಇವತ್ತಿಗೂ ಹೆಂಗಸರ ಮುಖ ನೋಡುತ್ತಾ ನಿಲ್ಲುತ್ತೀಯೆಂದು ಅಮೃತಪ್ಪ ಹೇಳಿದ. ಮೊದಲು ಚಿಕ್ಕ ಹುಡುಗಿಯರ ಮುಖ ನೋಡುತ್ತಿದ್ದೆಯಂತೆ, ಈಗ ಮೂವತ್ತೇಳರ ಹೆಂಗಸರ ಮುಖ.

ಉತ್ತರ ಕೊಡುವ ಮೊದಲು ಇಲ್ಲಿ ನಡೆದದ್ದನ್ನು ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪ ಇಡುತ್ತಾಳೆ ಎಂದುಕೊಳ್ಳಬೇಡ. ಇದನ್ನು ಹೇಳದೆ ಅದನ್ನು ಹೇಳಲಾಗದು.

ನನ್ನ ತಮ್ಮ ರವಿಕಾಂತನ ಮಗಳು ಸಪನಾ ಉದಗೀರಿನಿಂದ ಬಂದು ಜೂನ್ ತಿಂಗಳಿಂದ ನಮ್ಮಲ್ಲೇ ಇದ್ದಾಳೆ. ಚಿತ್ರಕಲೆಯ ಕಾಲೇಜು ಮುಗಿಸಿದವಳು. ನಾನು ಇಪ್ಪತ್ತಾರು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆನೆಂದರೆ ತುಟಿಯ ಮೂಲೆಯಲ್ಲಿ ನಗುತ್ತಾಳೆ. ಅವಳ ಹತ್ತಿರ ಹಳೆಯ ಕ್ಯಾಲೆಂಡರಿನದೊಂದು ಚಿತ್ರವಿದೆ, ಪರದೇಶದ ಯಾರದೋ ತೋಟದ ಕೊಳ. ದಂಡೆಯಿಲ್ಲ, ಆಕಾಶವಿಲ್ಲ, ಬರೀ ನೀರು, ಎಲೆ, ಹೂವು. ಹತ್ತಿರದಿಂದ ನೋಡಿದರೆ ಬಣ್ಣದ ಮುದ್ದೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರಿನ ಮೇಲೆ ಬೆಳಕು ಆಡುತ್ತಿರುತ್ತದೆ. "ಒಂದೇ ಕೊಳಾನ್ನ ಮುಂಜಾನಿ ಒಂದ ಸಲ, ಮಧ್ಯಾಹ್ನ ಒಂದ ಸಲ, ಸಂಜಿಗಿ ಒಂದ ಸಲ ತಗೀತಾರ ಆತ್ಯಾ. ವಸ್ತುವಿಗಿ ತನ್ನದೇ ಅಂತ ಬಣ್ಣ ಇರೂದಿಲ್ಲ. ಬೆಳಕ ಕೊಟ್ಟದ್ದೇ ಬಣ್ಣ" ಎಂದಳು. ನಾನು ಸಾವಿರಾರು ಮಕ್ಕಳಿಗೆ ನೀರು ನೀಲಿ, ಎಲೆ ಹಸಿರು ಎಂದು ಕಲಿಸಿ ಪರೀಕ್ಷೆ ಪಾಸು ಮಾಡಿಸಿದವಳು. ಮುಖ ತಿರುವಿಕೊಂಡು ಭಾಜಿ ಹೆಚ್ಚಲು ಕೂತೆ.

ಆದರೆ ಮಾತು ನಾಟಿತ್ತು. ಕೊಳವೆಂದರೆ ನನಗೆ ಗೊತ್ತಿದ್ದುದು ಒಂದೇ, ಸಾಸ್ತೂರಿನ ಬಳಿಯ ನಮ್ಮ ಹಳೆಯ ಊರಿನಲ್ಲಿ ವಾಡೆಯ ಹಿಂದಿದ್ದ ಕಲ್ಲಿನ ಹೊಂಡ. ಮಾವ ಮಹಾದೇವಪ್ಪನವರು ಪೂಜೆಯ ಹೂವಿಗೆಂದು ಮಾಡಿದ್ದ ತೋಟದ ನಡುವೆ ಇತ್ತಲ್ಲ, ಅದು. ನಿನ್ನ ಮಾಯಕ್ಕನೂ ನನ್ನ ದಾನಮ್ಮನೂ ಅದರ ಮೆಟ್ಟಿಲ ಮೇಲೆ ಕೂತು ಕಾಲು ಬಡಿಯುತ್ತಿದ್ದರು. ಮಗಳನ್ನು ಹೂತ ಗದ್ದುಗೆಗೆಂದು ವರ್ಷಕ್ಕೊಮ್ಮೆ ಹೊಲದವರೆಗೆ ಹೋಗುತ್ತೇನೆ. ಹೊಂಡದ ಕಡೆ ಮಾತ್ರ ಇಷ್ಟು ವರ್ಷ ಕಾಲಿಟ್ಟಿರಲಿಲ್ಲ. ನೀನು ಕೇಳಿದ ಮರುವಾರ ಯಾಕೋ ಅಲ್ಲಿಗೇ ಹೋಗಬೇಕೆನಿಸಿತು. ಸಪನಾ ಸ್ಕೂಟಿಯ ಮೇಲೆ ಕರೆದೊಯ್ದಳು.

ವಾಡೆಯ ಗುರುತೇ ಇಲ್ಲ, ಮಾಳಮ್ಮ. ಕಲ್ಲುಗಳನ್ನು ಯಾರು ಯಾರೋ ಒಯ್ದಿದ್ದಾರೆ. ಇದ್ದಲ್ಲೆಲ್ಲ ಜಾಲಿ. ಹೊಂಡ ಮಾತ್ರ ಒಂದು ಬಿರುಕೂ ಇಲ್ಲದೆ ಹಾಗೇ ಇದೆ. ಕಣಗಿಲೆ ಮರದಷ್ಟಾಗಿದೆ. ಮಾವನವರು ಉದಗೀರಿನಿಂದ ತಂದು ಹಾಕಿದ್ದ ನೈದಿಲೆ ನೀರು ತುಂಬ ಹಬ್ಬಿದೆ. ಮೂವತ್ತೊಂದು ವರ್ಷ ನೋಡುವವರಿಲ್ಲದೆ ಅದು ಯಾರಿಗಾಗಿ ಅರಳುತ್ತಿತ್ತೋ.

ಮೊದಲ ಚಿತ್ರ ಬೆಳಗಿನದು. ಕೂತು ನೋಡಿದಾಗ ಸಪನಾ ಹೇಳಿದ್ದು ನಿಜವೆನಿಸಿತು. ನೀರಿನಲ್ಲಿ ನೀಲಿ ಎಲ್ಲೂ ಇರಲಿಲ್ಲ. ಬೇವಿನ ನೆರಳು ಬಿದ್ದಲ್ಲಿ ಕಪ್ಪು ಹಸಿರು, ಮೋಡ ಬಿದ್ದಲ್ಲಿ ಹಾಲು ಬೆರೆಸಿದ ಬೂದಿ, ಎಲೆಗಳ ಅಂಚಿನಲ್ಲಿ ಕುಂಕುಮದಂಥ ಕೆಂಪು. ಎರಡು ತಾಸು ಮೈಮರೆತು ಬಣ್ಣ ಹಚ್ಚಿದೆ. ಇಷ್ಟು ಸುಖ ಎಂದೂ ಸಿಕ್ಕಿರಲಿಲ್ಲ, ಸುಳ್ಳೇಕೆ ಹೇಳಲಿ.

ಮನೆಗೆ ತಂದು ಗೋಡೆಗೆ ಒರಗಿಸಿದಾಗ ಎಡಗಡೆಯ ದೂರದ ಮೂಲೆಯಲ್ಲಿ, ಮೆಟ್ಟಿಲ ಹತ್ತಿರ, ನಾನು ಹಚ್ಚದ ಒಂದು ಬಣ್ಣ ಕಂಡಿತು. ಬೆರಳಗಲದ ಗೀರು. ನವಿಲಿನ ಹಸಿರು, ಅದರೊಳಗೇ ನೇರಳೆ. ಆ ಎರಡು ಬಣ್ಣ ನನ್ನ ಹಲಗೆಯ ಮೇಲೆ ಇರಲೇ ಇಲ್ಲ. ಬ್ರಶ್ಶು ತೊಳೆಯದೆ ಹಚ್ಚಿರಬೇಕು ಎಂದೆ. "ಕುಣೀಲಾರದಾಕಿ ನೆಲ ಡೊಂಕ ಅಂದಳಂತ" ಎಂದು ನಮ್ಮವರು ನಕ್ಕರು.

ಎರಡನೆಯದು ಮಧ್ಯಾಹ್ನದ ಚಿತ್ರ. ಮನೆಗೆ ತಂದಾಗ ಆ ಗೀರು ಮೆಟ್ಟಿಲ ಹತ್ತಿರ ಇರಲಿಲ್ಲ, ಬೇವಿನ ನೆರಳಿನಲ್ಲಿತ್ತು, ಸ್ವಲ್ಪ ದೊಡ್ಡದಾಗಿ. ಮೂರನೆಯದಕ್ಕೆ ಸಪನಾಳಿಗೆ ಜ್ವರವಿತ್ತೆಂದು ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ, ಇಳಿಹೊತ್ತಿನವರೆಗೆ ಕೂತು ಬರೆದೆ. ಅಲ್ಲಿ ಶ್ರೀಮಂತ ಎಂಬವನು ಕುರಿ ಕಾಯುತ್ತಾನೆ, ನಿಮ್ಮವನೇ. ನನ್ನ ಸಾಮಾನು ಕಟ್ಟಿಕೊಡಲು ಬಂದವನು ಸುತ್ತ ನೋಡಿ ಕೇಳಿದ, "ಬಾಯಿ, ನಿಮ್ಮ ಜೋಡಿ ಬಂದ ಪೋರಿ ಎಲ್ಲಿ ಹೋದಳರಿ?"

"ನಾ ಒಬ್ಬಾಕೇ ಬಂದೀನಿ" ಎಂದೆ.

"ಇಲ್ಲರಿ, ಆಗಳಿಂದ ನಿಮ್ಮ ಎದುರಿಗೇ ದಂಡಿ ಮ್ಯಾಲ ಕುಂತಾಳಲ್ಲ. ಸಣ್ಣಾಕಿ. ಫರಾಕ ಹಾಕ್ಯಾಳ. ಹಸರ ಅಂದರ ಹಸರ, ಜಾಂಬಳಾ ಅಂದರ ಜಾಂಬಳಾ, ನೇರಳಿ ಹಣ್ಣಿನಂಗ."

ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಕುರಿಗಳು ಆ ಹೊಂಡದ ನೀರನ್ನು ಮುಂಜಾನೆ, ಸಂಜೆ ಕುಡಿಯುತ್ತವಂತೆ, ಮಧ್ಯಾಹ್ನ ಮಾತ್ರ ಆ ಕಡೆ ಹೆಜ್ಜೆ ಇಡುವುದಿಲ್ಲವಂತೆ. ಯಾಕೆ ಎಂದರೆ, "ಯಾರರೆ ಕುಂತಿದ್ದರ ಕುರಿ ಬಾಜೂಕ ಸರೀತಾವರಿ" ಎಂದು ಹೇಳಿ ಬೀಡಿ ಹೊತ್ತಿಸಿದ. ನಾನು ತಿರುಗಿ ನೋಡದೆ ರಸ್ತೆಗೆ ಬಂದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಯಾರೂ ಬಂದು ಕೂಡಲಿಲ್ಲ, ನಿಂತೇ ಬಂದರು.

ಸಪನಾ ಮೂರೂ ಚಿತ್ರಗಳನ್ನು ಸಾಲಾಗಿ ಇಟ್ಟಳು. ಮೂರನೆಯದರಲ್ಲಿ ಆ ಗೀರು ಇನ್ನೂ ದೊಡ್ಡದಾಗಿ, ಇನ್ನೂ ಹತ್ತಿರ ಬಂದಿತ್ತು. "ಆತ್ಯಾ, ಇದು ಒಂದೇ ಹುಡುಗಿ. ಹೊಂಡದ ಸುತ್ತ ನಡಕೋತ ಈ ಕಡೆ ಬರಲಾಕತ್ಯಾಳ" ಎಂದಳು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡು ಎಂದಳು. ಸರಿದೆ. ಹೌದು, ಮಾಳಮ್ಮ.

ಕೈ ನೋಯುತ್ತಿದೆ. ನಾಳೆ ಬರೆಯುತ್ತೇನೆ.

ಸೋಮವಾರ

ರಾತ್ರಿಯಿಂದ ಮಳೆ. ಸೋಯಾಬೀನು ನಿಂತಲ್ಲೇ ಕೊಳೆಯುತ್ತದೋ ಏನೋ ಎಂದು ಬೀದಿಯಲ್ಲೆಲ್ಲ ಅದೇ ಮಾತು. ಮೋಡದ ಬೆಳಕಿನಲ್ಲಿ ಚಿತ್ರಗಳ ಆ ಗೀರು ಇವತ್ತು ಪೂರ್ತಿ ನೇರಳೆಯಾಗಿದೆ. ಬಿಸಿಲಿದ್ದ ದಿನ ಹಸಿರಾಗಿರುತ್ತದೆ. ಒಣಗಿದ ಎಣ್ಣೆ ಬಣ್ಣ ಹೀಗೆ ಬದಲಾಗದು ಎಂದು ಸಪನಾಳ ಓದು ಹೇಳುತ್ತದೆ. ಬದಲಾಗುವುದನ್ನು ಅವಳ ಕಣ್ಣು ನೋಡುತ್ತದೆ. ಪಾಪ, ಅವಳು ಆ ಕೋಣೆಯಲ್ಲಿ ಈಗ ಒಬ್ಬಳೇ ಕೂಡುವುದಿಲ್ಲ.

ಹೋದ ವಾರ ನಮ್ಮವರು ಕೋಲೂರಿಕೊಂಡು ಆ ಕೋಣೆಗೆ ಬಂದರು. ಅರವತ್ತಕ್ಕೆ ಅರಳು ಮರಳು ಎನ್ನುವ ಲೆಕ್ಕ ಹಿಡಿದರೆ ಎಪ್ಪತ್ತು ದಾಟಿದ ಇವರಿಗೆ ಏನೂ ನೆನಪಿರಬಾರದು. ಚಿತ್ರದ ಮುಂದೆ ನಿಂತು, ಅಂಗಡಿಯಲ್ಲಿ ಅರಿವೆ ನೋಡುವಂತೆ ಹೆಬ್ಬೆರಳು ತೋರುಬೆರಳು ಕೂಡಿಸಿ ಆ ಗೀರನ್ನು ತಿಕ್ಕಿದರು. "ಇದು ನಮ್ಮ ಥಾನಿಂದೇ ಅದ. ಧೂಪಛಾಂವ" ಎಂದರು. ಹೊರಗೆ ಹೋಗಿ ಕೂತರು. ಅವತ್ತಿನಿಂದ ಚಿತ್ರಗಳನ್ನು ಗೋಡೆಗೆ ಮುಖ ಮಾಡಿ ಇಡಿಸಿದ್ದಾರೆ, ಅವರಿಲ್ಲದಾಗ ನಾನೇ ತಿರುಗಿಸಿ ನೋಡುತ್ತೇನೆ.

ನಿನಗೆ ನೆನಪಿರಬೇಕು. ಆ ವರ್ಷ ಗಣಪತಿಗೆ ಅಂಗಡಿಗೆ ಧೂಪಛಾಂವ ಬಟ್ಟೆಯ ಥಾನು, ಇಡೀ ಸುರುಳಿಯೇ, ಬಂದಿತ್ತು. ಹಸಿರು ನೂಲು ಉದ್ದಕ್ಕೆ, ನೇರಳೆ ಅಡ್ಡಕ್ಕೆ. ಬಿಸಿಲಿಗೆ ಹಿಡಿದರೆ ಒಂದು ಬಣ್ಣ, ನೆರಳಿಗೆ ಹಿಡಿದರೆ ಇನ್ನೊಂದು. ಹೊಸ ಥಾನಿನ ಮೊದಲ ತುಂಡನ್ನು ಗಿರಾಕಿಗೆ ಕೊಡಬಾರದು, ಮನೆಯ ಮಗುವಿಗೆ ಹೊಲಿಯಬೇಕು ಎಂಬುದು ನಮ್ಮ ಅಂಗಡಿಯ ಪದ್ಧತಿ. ದಾನಮ್ಮನಿಗೆಂದು ಹರಿದ ತುಂಡಿನಲ್ಲಿ ಇನ್ನೊಂದಾಗುವಷ್ಟು ಉಳಿಯಿತು. "ಮಾಯಕ್ಕಗ ಇಲ್ದಿದ್ದರ ನಾನೂ ಹಾಕೋದಿಲ್ಲ" ಎಂದು ಆ ಹಟಮಾರಿ ಅತ್ತಳು. ಎರಡು ಫ್ರಾಕು ಹೊಲಿದೆ, ಒಂದೇ ಅಳತೆ, ಒಂದೇ ಗುಂಡಿ. ನೀನು ಕುರಿ ಕೂಡಿಸಲು ತುರೋರಿಯ ಹೊಲಗಳಿಗೆ ಹೋಗುವಾಗ, ವಿಸರ್ಜನೆ ನೋಡಲಿ ಎಂದು ಮಗಳನ್ನು ನಮ್ಮಲ್ಲಿ ಬಿಟ್ಟು ಹೋದೆ.

ಮೆರವಣಿಗೆಯ ಗದ್ದಲದಲ್ಲಿ ಮಾಯಕ್ಕನ ಕೈ ನನ್ನ ಕೈಯಿಂದ ತಪ್ಪಿತೆಂದು, ಔರಾದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಜನರ ಜೊತೆ ಹೋಗಿರಬಹುದೆಂದು ನಿನಗೆ ಹೇಳಿದ್ದೆ. ಅದೇ ಬೆಳಗಿನ ಜಾವ ಭೂಮಿ ನಡುಗಿತು. ಎರಡನೆಯ ದಿನ ಮಳೆಯಲ್ಲಿ ವಾಡೆಯ ಮಣ್ಣಿನಿಂದ ಒಂದು ಮಗುವನ್ನು ತೆಗೆದರು. ಮುಖ ಗುರುತು ಸಿಗುವಂತಿರಲಿಲ್ಲ. ಮಾವನವರು ಫ್ರಾಕಿನ ತುದಿ ಹಿಡಿದು ಬೆಳಕಿಗೆ ಹೊರಳಿಸಿ ನೋಡಿ, "ಇದು ನಮ್ಮ ಥಾನ. ನಮ್ಮ ಕೂಸು" ಎಂದರು. ನಮ್ಮವರೂ ಅರಿವೆ ಮುಟ್ಟಿ ಹೂಂ ಎಂದರು. ಅರಿವೆಯವರು ಅರಿವೆಯನ್ನು ಗುರುತಿಸಿದರು, ಮಾಳಮ್ಮ. ಮಗುವನ್ನು ಯಾರೂ ಗುರುತಿಸಲಿಲ್ಲ. ಗುರುತು ಸಿಗದ ಹೆಣಗಳನ್ನು ಊರ ಹೊರಗೆ ಒಟ್ಟಿಗೆ ಸುಡುತ್ತಿದ್ದರು. ನಮ್ಮದನ್ನಾದರೂ ಪದ್ಧತಿಯಂತೆ ಮಣ್ಣಿಗೆ ಕೊಡೋಣ ಎಂದು ಮಾವನವರು ಕೈಮುಗಿದು ಬೇಡಿ, ಹೊಲದ ಬದುವಿನಲ್ಲಿ ಕುಣಿ ತೋಡಿಸಿ, ಮಗುವಿಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿದರು.

ಈಗ ನಾಲ್ಕನೆಯ ಚಿತ್ರದ ಮಾತು. ಹೋದ ಶುಕ್ರವಾರ ಮಧ್ಯಾಹ್ನ ಸಪನಾಳ ಜೊತೆ ಹೋಗಿ ಬರೆದೆ. ಯಾವ ಮೂಲೆಯನ್ನೂ ಬಿಡದೆ, ನೀರು ಕಂಡಷ್ಟೇ ಹಚ್ಚುತ್ತೇನೆಂದು ಹಟ ಹಿಡಿದಿದ್ದೆ. ನೆತ್ತಿಯ ಬಿಸಿಲು, ಎಲೆಗಳ ನೆರಳು ಎಲೆಗಳ ಕೆಳಗೇ. ಒಂದು ಕಪ್ಪೆಯ ಸದ್ದೂ ಇಲ್ಲ. ಹಚ್ಚುತ್ತಿದ್ದಂತೆಯೇ ಕ್ಯಾನ್ವಾಸಿನ ಕೆಳಗಿನ ಅಂಚಿನಲ್ಲಿ, ಅಂದರೆ ನನ್ನ ಪಾದದ ಹತ್ತಿರದ ನೀರಿನಲ್ಲಿ, ಆ ಬಣ್ಣ ಬಂತು. ಚಾಕುವಿನಿಂದ ಕೆರೆದೆ. ಕೆಳಗೂ ಅದೇ ಬಣ್ಣ. ಬಟ್ಟೆ ಹರಿಯುವವರೆಗೆ ಕೆರೆದೆ, ನೂಲಿಗೂ ಅದೇ ಬಣ್ಣ ಹತ್ತಿತ್ತು. ಸಪನಾ ನನ್ನ ಕೈ ಹಿಡಿದಳು. ಆಗ ನೋಡಿದೆ, ಫ್ರಾಕಿನ ಮೇಲೆ ಮುಖ ಬಂದಿತ್ತು. ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು.

ಸಪನಾ ದಾನಮ್ಮನನ್ನು ಕಂಡವಳಲ್ಲ. ಆದರೆ ನಮ್ಮ ದೇವರಕೋಣೆಯ ಫೋಟೋದಲ್ಲಿ ದಿನವೂ ನೋಡುತ್ತಾಳೆ. "ಇದು ದಾನಕ್ಕ ಅಲ್ಲ ಆತ್ಯಾ" ಎಂದಳು ಮೆಲ್ಲಗೆ. "ದಾನಕ್ಕನ ಗದ್ದ ಚೂಪ ಅದ. ಈಕಿ ಮುಖ ಗುಂಡಗದ. ಹುಬ್ಬ ಕೂಡ್ಯಾವ. ಯಾರಿಕಿ?"

ನಿನ್ನ ಮಗಳದು ಒಂದು ಫೋಟೋ ಕೂಡ ಇಲ್ಲ. ಆ ಮುಖ ಮರೆಯದವರು ಭೂಮಿಯ ಮೇಲೆ ಈಗ ನೀನು ಮತ್ತು ನಾನು, ಇಬ್ಬರೇ. ಕೂಡಿದ ಹುಬ್ಬು, ಗುಂಡು ಮುಖ, ಮೇಲಿನ ಸಾಲಿನಲ್ಲಿ ಬಿದ್ದ ಎರಡು ಹಲ್ಲು. ನಾನು ತಪ್ಪಿಲ್ಲ.

ಆದ್ದರಿಂದ ಇದು ನನ್ನ ಉತ್ತರ. ಅವತ್ತು ಹಿರಿಯರಿಂದ ತಪ್ಪಾಯಿತು. ಬಟ್ಟೆ ಒಂದೇ ಆಗಿದ್ದರಿಂದ ಮೋಸ ಹೋದರು. ನಮ್ಮ ಹೊಲದ ಗದ್ದುಗೆಯಲ್ಲಿ ಕೂತಿರುವವಳು ನಿನ್ನ ಮಾಯಕ್ಕ. ದಸರೆಗೆ ಕುರಿ ಒಪ್ಪಿಸಿಬಿಡು. ಕಂಬಳಿ ನೇಯಿಸಿಕೊಂಡು ಬಂದು ಅವಳಿಗೆ ಹೊದಿಸು. ಕಲ್ಲಿನ ಮೇಲೆ ದಾನಮ್ಮನ ಹೆಸರಿದೆ, ಅದನ್ನು ಅಳಿಸಿ ನಿನ್ನ ಮಗಳ ಹೆಸರು ಕೊರೆಸುತ್ತೇನೆ. ನಮ್ಮವರಿಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ.

ಅಳು, ಆದರೆ ಒಬ್ಬಳೇ ಅಳಬೇಡ. ಸೊಸೆಯನ್ನು ಪಕ್ಕದಲ್ಲಿ ಕೂಡಿಸಿಕೋ. ಅಮೃತಪ್ಪನಿಗೆ ಆಯುಷ್ಯವಾಗಲಿ, ಮೊಮ್ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಹಟ್ಟಿ ತುಂಬಿರಲಿ. ಬೀರಪ್ಪನೂ ಬಸವಣ್ಣನೂ ನಿನ್ನ ಹೊಟ್ಟೆಯನ್ನು ತಣ್ಣಗಿಡಲಿ.

ನಿನ್ನ
ಮಾಣಿಕ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ತೀರಿಹೋದ ಮಾವನವರ ಮೇಲೆ ತಪ್ಪು ಹೊರಿಸಿ ಕಳಿಸಲು ಮನಸ್ಸು ಒಪ್ಪುತ್ತಿಲ್ಲ.

ಮಾಯಕ್ಕನ ಕೈ ತಪ್ಪಲಿಲ್ಲ. ಮೆರವಣಿಗೆ ನೋಡಿ ಇಬ್ಬರೂ ನನ್ನ ಕೈ ಹಿಡಿದೇ ಮನೆಗೆ ಬಂದರು, ಒಂದೇ ತಾಟಿನಲ್ಲಿ ಉಂಡು, ಒಂದೇ ಕೌದಿಯಲ್ಲಿ ಮಲಗಿದರು. ಮಾವನವರು ಮೋಸ ಹೋದರು, ನಮ್ಮವರೂ ಹೋದರು. ನಾನು ಹೋಗಲಿಲ್ಲ. ಆ ಮಗುವಿಗೆ ನೀರು ಹಾಕಿದವಳು ನಾನು. ಫ್ರಾಕು ತೆಗೆದಾಗ ಉಡದಾರದಲ್ಲಿ ನೀನು ಕಟ್ಟಿದ್ದ ಬೀರಪ್ಪನ ಭಂಡಾರದ ಗಂಟು ಇತ್ತು. ನೀರು ಹಾಕಿದೆ, ಅದು ಹಳದಿಯಾಗಿ ಹರಿಯಿತು. ನನ್ನ ಮಗಳಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ದಾನಮ್ಮ ಗುರುತಿಲ್ಲದವರನ್ನು ಸುಟ್ಟ ಆ ಬೆಂಕಿಯಲ್ಲಿ ಹೋದಳೆಂದು ಒಪ್ಪಿಕೊಳ್ಳಬೇಕಿತ್ತು. ಕೂತು ಅಳಲು ನನಗೊಂದು ಗದ್ದುಗೆ ಬೇಕಾಗಿತ್ತು, ಮಾಳಮ್ಮ. ನಿನ್ನದನ್ನು ಕದ್ದೆ. ಗಂಟು ಬಿಚ್ಚಿ ಹೊಂಡಕ್ಕೆ ಎಸೆದೆ, ನನ್ನ ಕೈಯಾರೆ ಹೊಸ ಲಿಂಗ ಕಟ್ಟಿದೆ. ಮೂರನೆಯ ದಿನ ನೀನು ಓಡಿ ಬಂದು ಕೇಳಿದಾಗ ಟ್ರ್ಯಾಕ್ಟ‌ರಿನ ಕಥೆ ಹೇಳಿದೆ.

ಇದ್ದಾಳೋ ಇಲ್ಲೋ ಎಂದು ಕೇಳಿದ್ದೆ. ಇಲ್ಲ. ನೀನು ಔರಾದದ ಸಂತೆಯಲ್ಲಿ ಅವಳನ್ನು ಹುಡುಕಲು ಹೋದ ಮೊದಲ ವಾರವೂ ಇರಲಿಲ್ಲ. ಅದು ಗೊತ್ತಿದ್ದೂ ಅವತ್ತು ನಿನ್ನ ಕೈ ಹಿಡಿದುಕೊಂಡು ಸಂತೆಯ ತುಂಬ ನಾನೂ ತಿರುಗಿದೆ, ಅವಳ ಹೆಸರು ಕೂಗುತ್ತಾ.